ಹಲ್ಲಪ್ಪನವರ ಬಾಲ

ಒಂದು ಟಾಕೀಸಿನ ಗೋಡೆಯ ಮೇಲೆ ಹಲ್ಲಪ್ಪ ಎಂಬ ಹಲ್ಲಿ ಇತ್ತು. ಡೈನೋಸಾರ್ ಚಿತ್ರಗಳೆಂದರೆ ಅದಕ್ಕೆ ಪ್ರಾಣ. ತೆರೆಯ ಮೇಲೆ ಘರ್ಜಿಸುವವರೆಲ್ಲ ತನ್ನ ಮುತ್ತಜ್ಜಂದಿರೇ ಎಂದು ಅದರ ಜಂಬ. ಮೊದಲ ಭಾಗ ನೋಡಿದ ದಿನವಂತೂ, ನೋಡಿ, ಭಯಕ್ಕೆ ಬಾಲವೇ ಉದುರಿಹೋಗಿತ್ತು!

ಏಳನೆಯ ಭಾಗ ಮುಗಿದೊಡನೆ ಹಲ್ಲಿ ಮುಖ ಗಂಟಿಕ್ಕಿಕೊಂಡು ಗೋಡೆಯಿಂದ ಇಳಿದು, ಅದೇ ಟಾಕೀಸಿನ ಇಲಿಗೆ ಹೇಳಿತು, "ಇಲಿರಾಯರೇ, ನಾನಿನ್ನು ಪಕ್ಕದ ಛತ್ರಕ್ಕೆ ಹೊರಟೆ. ಅದೇ ದ್ವೀಪ, ಅದೇ ಮುರಿದ ಬೇಲಿ, ಅದೇ ಓಟ! ಈ ಸಲ ನನಗೆ ಎಳ್ಳಷ್ಟೂ ಹೆದರಿಕೆಯಾಗಲಿಲ್ಲ."

ಏಳೂ ಭಾಗ ಜೊತೆಗೇ ನೋಡಿದ ಗೆಳೆಯನನ್ನು ಕಳಿಸಲು ಇಲಿಗೆ ಮನಸ್ಸಿರಲಿಲ್ಲ. ಆದರೂ ಪಾಪ್‌ಕಾರ್ನ್ ಮೆಲ್ಲುತ್ತಲೇ ಕೇಳಿತು, "ಹೋಗಿಬನ್ನಿ ಹಲ್ಲಪ್ಪನವರೇ. ಆದರೆ ಸೀಟಿನ ಕೆಳಗೆ ಒದ್ದಾಡುತ್ತಿರುವ ಈ ಬಾಲ ಯಾರದು?"

ಹಲ್ಲಿ ಹಿಂತಿರುಗಿ ನೋಡಿಕೊಂಡಿತು. ಬಾಲ ಇರಲಿಲ್ಲ.

"ಅದು... ತೆರೆಯ ಮೇಲೆ ಆ ದೊಡ್ಡ ಮುತ್ತಜ್ಜ ನೀರಿನಿಂದ ಮೇಲೆದ್ದಾಗ ಬಿದ್ದಿರಬೇಕು. ಅದೊಂದು ಕಡೆ ಚೆನ್ನಾಗಿತ್ತು ಅನ್ನಿ."

"ಬಾಲ ಮತ್ತೆ ಬರುತ್ತದಲ್ಲ?"

"ಬರುತ್ತದೆ. ಆದರೆ ಹುಟ್ಟಿನಿಂದ ಬಂದ ಬಾಲದ ಸೊಬಗು ಆಮೇಲಿನ ಯಾವುದಕ್ಕೂ ಇಲ್ಲ. ಬರಬರುತ್ತಾ ಮೋಟು, ಬಣ್ಣವೂ ಮಾಸಲು."

"ಹಾಗಂತ ಒಂದನ್ನಾದರೂ ಬೇಡವೆಂದಿರಾ?"

ಹಲ್ಲಿಗೆ ತಡೆಯಲಾಗಲಿಲ್ಲ, ಲೊಚಗುಟ್ಟಿಬಿಟ್ಟಿತು. ಹಲ್ಲಿ ಲೊಚಗುಟ್ಟಿದ ಮೇಲೆ ಮಾತು ನಿಜವೆಂದು ಊರೇ ಒಪ್ಪುತ್ತದೆ; ಹಲ್ಲಿಯೇ ಒಪ್ಪದಿದ್ದರೆ ಹೇಗೆ? ಅದು ಸರಸರನೆ ಗೋಡೆ ಹತ್ತಿ, ತೆರೆಗೆ ಎದುರಾದ ತನ್ನ ಹಳೆಯ ಜಾಗದಲ್ಲಿ ಕೂತಿತು.

"ಛತ್ರಕ್ಕೆ ಹೋಗಲಿಲ್ಲವೇ?"

"ಬಾಲ ಬೆಳೆಯಲಿ, ಇಲಿರಾಯರೇ. ಎಂಟನೆಯ ಭಾಗಕ್ಕೆ ಉದುರಿಸಲು ಏನಾದರೂ ಬೇಡವೇ?"