ಹಳ್ಳದಾಚೆಗೆ ಚಿನ್ನಿ

"ಗುರುಗಳೇ, ದಿನವೂ ಅಂಗೈಯಲ್ಲಿ ಲಿಂಗವಿಟ್ಟು ಕೂರುತ್ತೇನೆ. ಬೆಳಕು ಕಾಣುವ ದಿನ ಬರಲೆಂದು ಹಂಬಲಿಸಿ ಹಂಬಲಿಸಿ ಸೋತೆ. ಇಷ್ಟು ಹಂಬಲವಿದ್ದೂ ಅದೇಕೆ ಕೈಗೆಟುಕದು?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

"ಹಂಬಲ ಸಾಲದೆಂದು ನಿನಗೆ ಯಾರು ಹೇಳಿದರಯ್ಯಾ? ಅದೇ ಅಳತೆ ಮೀರಿದೆ. ಕೂತು ಕೇಳು," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ಅವನಿಗೊಬ್ಬ ತಮ್ಮ. ಚಿಕ್ಕವರಿದ್ದಾಗ ಇಬ್ಬರೂ ಊಟ ನಿದ್ದೆ ಮರೆತು ಚಿನ್ನಿದಾಂಡು ಆಡಿದವರು. ಅಣ್ಣ ದಾಂಡಿನಿಂದ ಚಿನ್ನಿಯ ತುದಿ ತಟ್ಟಿ ಮೇಲೆಬ್ಬಿಸಿ ಹೊಡೆಯುವನು. ತಮ್ಮ ದೂರ ನಿಂತು, ಬಿದ್ದ ಚಿನ್ನಿಯನ್ನು ಎತ್ತಿ ತಿರುಗಿ ಎಸೆಯುವನು. ಎಸೆಯದೆ ಇರುವಂತಿಲ್ಲ, ಅದು ಆಟದ ಕಟ್ಟಳೆ. ದೊಡ್ಡವರಾದ ಮೇಲೆ ಅಪ್ಪನ ಉಳಿ ಯಾರಿಗೆ ಎಂಬುದರಲ್ಲಿ ಮಾತಿಗೆ ಮಾತು ಬೆಳೆಯಿತು. ನಿನ್ನ ಅಂಗಳ ತುಳಿಯುವುದಿಲ್ಲ, ನಿನ್ನೊಡನೆ ಮಾತಾಡುವುದಿಲ್ಲ ಎಂದು ಇಬ್ಬರೂ ದೇವರ ಮುಂದೆ ಆಣೆಯಿಟ್ಟರು. ತಮ್ಮ ಹಳ್ಳದಾಚೆ ಮನೆ ಕಟ್ಟಿಕೊಂಡ.

ಆಣೆಯಿಡುವುದಕ್ಕೇನು, ನಾಲಿಗೆಯಿದ್ದರೆ ಸಾಕು. ಆಚೆ ದಡದಲ್ಲಿ ತಮ್ಮ ಕೆಮ್ಮಿದರೆ ಈಚೆ ಅಣ್ಣನಿಗೆ ತುತ್ತು ಇಳಿಯುತ್ತಿರಲಿಲ್ಲ. ತಮ್ಮನಿಗೆ ಮಗು ಹುಟ್ಟಿದ ಸುದ್ದಿಯನ್ನು ಊರವರ ಬಾಯಲ್ಲಿ ಕೇಳಿ ಅತ್ತುಬಿಟ್ಟ. ಆಗ ಅವನಿಗೊಂದು ಹೊಳೆಯಿತು. ಚಿನ್ನಿ ಯಾವ ಆಣೆಯನ್ನೂ ಇಟ್ಟಿಲ್ಲವಲ್ಲ. ಅದು ಹೋಗಿ ತಮ್ಮನ ಅಂಗಳದಲ್ಲಿ ಬಿದ್ದರೆ ಅವನು ತಿರುಗಿ ಎಸೆಯಲೇಬೇಕು. ಅಷ್ಟಾದರೆ ಸಾಕಿತ್ತು ಅವನಿಗೆ.

ಬಡಗಿಗೆ ಮರಕ್ಕೇನು ಬರ? ಜಾಲಿಯ ದಾಂಡು ಕೆತ್ತಿಕೊಂಡು ದಿನವೂ ಸಂಜೆ ದಡದಲ್ಲಿ ನಿಂತು ಬೀಸಿದ. ಚಿನ್ನಿ ಒಮ್ಮೆ ಪೊದೆಗೆ ಹೋಯಿತು, ಒಮ್ಮೆ ನೀರಿಗೆ. ಎಷ್ಟೋ ಸಲ ದಾಂಡಿಗೆ ತಾಗದೆ ಕಾಲಬುಡದಲ್ಲೇ ಬಿತ್ತು. ಬಲ ಸಾಲದೆಂದು ಇನ್ನೂ ದಪ್ಪನೆಯ ದಾಂಡು ಕೆತ್ತಿದ. ಬೆರಳು ಬೆಳ್ಳಗಾಗುವಷ್ಟು ಬಿಗಿಹಿಡಿದು ಬೀಸಿದ. ಭುಜ ಹಿಡಿದುಕೊಂಡಿತೇ ಹೊರತು ಚಿನ್ನಿ ಹಳ್ಳ ದಾಟಲಿಲ್ಲ.

ನೀರಿಗೆಂದು ಬಂದ ಅವನ ಹೆಂಡತಿ ಕೊಡ ಇಳಿಸಿ ನಿಂತು ನೋಡಿದಳು. "ನಿಮ್ಮ ತಮ್ಮನ ಮನೆಯೇನು ಎದ್ದು ಓಡಿಹೋಗುತ್ತದೆಯೇ? ಚಿನ್ನಿ ಇಲ್ಲಿ ಏಳುವಾಗ ನಿಮ್ಮ ಮುಖ ಅಲ್ಲಿರುತ್ತದೆ. ಮತ್ತೆ ನೀವು ಹೊಡೆಯುವುದಾದರೂ ಯಾವುದನ್ನು?" ಎಂದಳು.

ಬಡಗಿಗೆ ನಾಚಿಕೆಯಾಯಿತು. ದಪ್ಪ ದಾಂಡನ್ನು ಬಿಸಾಡಿ ಹಳೆಯದನ್ನೇ ಸಡಿಲವಾಗಿ ಹಿಡಿದ. ಹಿಂಗಾಲಿನ ಮೇಲೆ ಭಾರ ಬಿಟ್ಟು ಚಿನ್ನಿಯ ತುದಿ ತಟ್ಟಿದ. ಅದು ಮೊಣಕಾಲಿನೆತ್ತರ ಎದ್ದಿತು. ತಮ್ಮನ ಕಡೆಗೆ ಎಳೆಯುತ್ತಿದ್ದ ಕಣ್ಣನ್ನು ಹಟ ಹಿಡಿದು ಚಿನ್ನಿಯ ಮೇಲೇ ನಿಲ್ಲಿಸಿದ. ಅದೆಷ್ಟು ಕಷ್ಟವಾಯಿತೆಂದು ಅವನಿಗೇ ಗೊತ್ತು. ಮುಂಗಾಲು ಊರಿತು, ಸೊಂಟ ತಿರುಗಿತು, ಅದರ ಹಿಂದೆ ಕೈ ತಾನಾಗಿ ಬಂತು. ದಾಂಡು ಚಿನ್ನಿಗೆ ತಾಗಿತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿ ಎಲೆಯಡಿಕೆ ಬಾಯಿಗಿಟ್ಟುಕೊಂಡರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ.

"ಆಚೆ ಬಿತ್ತೇ, ಗುರುಗಳೇ? ತಮ್ಮ ತಿರುಗಿ ಎಸೆದನೇ?"

"ನೋಡಿದೆಯಾ, ಚಿನ್ನಿ ಇನ್ನೂ ದಾಂಡನ್ನು ಬಿಟ್ಟಿಲ್ಲ, ನೀನಾಗಲೇ ಆಚೆ ದಡ ಸೇರಿದೆ," ಎಂದರು ಗುರುಗಳು.

ಮರುಳಸಿದ್ಧ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಅದರ ಮೇಲೇ ಕಣ್ಣು ನಿಲ್ಲಿಸಿದ.