ಬರಿಗೈ ಬಂಡೆ

ಮಡಕೆಯೊಳಗೆ ಕೈ ಹಾಕಿದವರು ಮೊದಲು ತಾಗಿದ ಕಲ್ಲನ್ನೇ ಎತ್ತಬೇಕು, ತಡಕಬಾರದು. ಕೃಷ್ಣೆಯ ನಡುಗಡ್ಡೆಯೊಂದರ ನೆತ್ತಿಯಲ್ಲಿರುವ ಬರಿಗೈ ಬಂಡೆಗೆ ಹೊರಟವರಿಗೆ ಅಂಬಿಗರು ದಡ ಬಿಡುವ ಮುನ್ನವೇ ಈ ನಿಯಮ ಹೇಳುತ್ತಾರೆ. ಬಂಡೆಯ ಮೇಲೆ ಮಡಕೆಯ ಹೊಟ್ಟೆಯಂಥ ದುಂಡು ಕುಳಿಯೊಂದಿದೆ, ಅದನ್ನೇ ಅವರು ಮಡಕೆ ಎನ್ನುವುದು. ಅದರ ಬಾಯಿ ಕಿರಿದು, ಒಂದು ಕೈ ಮಾತ್ರ ಹಿಡಿಸುತ್ತದೆ, ಕಣ್ಣಿಗೆ ಒಳಗಿನದೇನೂ ಕಾಣದು. ಅದರ ತುಂಬ ಹೊಳೆಯ ಕರಿಗಲ್ಲುಗಳು; ನಡುವೆ ಎಲ್ಲೋ ಒಂದೇ ಒಂದು ಬಿಳಿಯ ಬೆಣಚುಕಲ್ಲು. ಅದು ಕೈಗೆ ಬಂದವರ ಅದೃಷ್ಟ ಖುಲಾಯಿಸುತ್ತದೆಂಬ ನಂಬಿಕೆ ಹೇಗೋ ಹಬ್ಬಿಬಿಟ್ಟಿದೆ. ಮದುವೆ ಕೂಡಿಬರದವರು, ಪರೀಕ್ಷೆಗೆ ಕುಳಿತವರು, ಟೆಂಡರು ಹಾಕಿದವರು ಎಲ್ಲರೂ ಬರುತ್ತಾರೆ. ನಿಯಮ ಕೇಳಿ ತಲೆಯಾಡಿಸುತ್ತಾರೆ, ಆಮೇಲೆ ಮೊಣಕೈವರೆಗೆ ಕೈ ಇಳಿಸಿ ಮನದಣಿಯೆ ತಡಕುತ್ತಾರೆ. ಅಂಬಿಗರು ಆಗ ಮುಖ ತಿರುಗಿಸಿ ಹೊಳೆ ನೋಡುತ್ತ ನಿಲ್ಲುತ್ತಾರೆ. ಬಂಡೆಯ ಬಡಗಣ ಮೈಯಲ್ಲಿ ಹಳೆಯ ಕೆತ್ತನೆಯೊಂದಿದೆ. ಬಿಳಿಕಲ್ಲು ಸಿಕ್ಕ ಸಂಭ್ರಮದಲ್ಲಿ ಅದನ್ನು ನೋಡದೆ ಹಿಂದಿರುಗುವವರೇ ಹೆಚ್ಚು.

ಹಿಂದೆ ಒಮ್ಮೆ ಈ ನಡುಗಡ್ಡೆಯಲ್ಲಿ ಏಳು ಮನೆಗಳ ಊರಿತ್ತು ಎನ್ನುತ್ತಾರೆ. ಗೌಡರದು, ಕುಲಕರ್ಣಿಯವರದು, ಶೆಟ್ಟರದು, ಬಡಿಗೇರರದು, ಜಾಡರದು, ಆರನೆಯದು ಕುಂಬಾರ ದ್ಯಾವವ್ವನದು. ಎಲ್ಲಕ್ಕೂ ಕೊನೆಗೆ, ಊರಿಗೆ ಬೆನ್ನು ಮಾಡಿದ ಹಾಗೆ ನಿಂತ ಗುಡಿಸಲು ಚರ್ಮದ ಕೆಲಸದ ಹುಲಿಗೆಪ್ಪನದು. ಆಚೆ ದಡದ ಅಂಬಿಗ ಸೂಗಪ್ಪನ ತೊಗಲಿನ ಹರಿಗೋಲಿಗೆ ಹೊಲಿಗೆ ಹಾಕಿದವನೂ ಅವನೇ. ದ್ಯಾವವ್ವ ಗಂಡನನ್ನು ಕಳೆದುಕೊಂಡು ಹತ್ತು ವರ್ಷ ಕಳೆದಿತ್ತು. ಆ ಮಳೆಗಾಲ ಅವಳ ಒಬ್ಬಳೇ ಮಗಳು ಹಂಪವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಗಳು ಬಂದ ಮೂರನೆಯ ವಾರಕ್ಕೆ ಹೊಳೆಯೂ ಬಂತು.

ಅದು ಪ್ರತಿ ವರ್ಷ ಬಂದು ಹೊಲದ ಬದು ಮುಟ್ಟಿ ಹಿಂದಿರುಗುವ ಹೊಳೆಯಾಗಿರಲಿಲ್ಲ. ಎರಡೇ ದಿನದಲ್ಲಿ ಹೊಲಗಳು ಹೋದವು, ಮೂರನೆಯ ದಿನ ಜಾಡರ ಮಗ್ಗದ ಕುಣಿಗೆ ನೀರು ನುಗ್ಗಿತು. ಇಪ್ಪತ್ತು ಜನವೂ ಗಂಟುಮೂಟೆ ಹೊತ್ತು ನೆತ್ತಿಯ ಬಂಡೆಗೆ ಹತ್ತಿದರು. ಸುತ್ತ ನಾಲ್ಕು ದಿಕ್ಕಿಗೂ ಕೆಂಪು ನೀರು. ಅದರ ಮೇಲೆ ಬೇರುಸಮೇತ ತೇಲಿಹೋಗುವ ಮರಗಳು, ಸತ್ತ ದನಗಳು. ಮಾತಾಡಬೇಕೆಂದರೆ ಕೂಗಬೇಕು, ಅಷ್ಟು ಹೊಳೆಯ ಸದ್ದು. ಸಂಜೆಯಾಗುತ್ತಲೇ ದ್ಯಾವವ್ವ ನೀರು ನಿಂತ ಮಟ್ಟಕ್ಕೆ ಬಂಡೆಯ ಬಿರುಕಿನಲ್ಲಿ ಒಂದು ಓಡಿನ ಚೂರು ಸಿಕ್ಕಿಸುತ್ತಿದ್ದಳು. ಬೆಳಗ್ಗೆ ಎದ್ದು ನೋಡಿದರೆ ಆ ಚೂರು ನೀರಿನಡಿ ಇರುತ್ತಿತ್ತು.

ನಾಲ್ಕನೆಯ ದಿನ ಸೂಗಪ್ಪ ಬಂದ. ಮೇಲಿನ ದಡದಿಂದ ಹರಿಗೋಲು ಬಿಟ್ಟರೆ ಸೆಳವು ಅದನ್ನು ಬಂಡೆಗೆ ತಂದು ಮುಟ್ಟಿಸುತ್ತಿತ್ತು. ಜನರನ್ನು ಹತ್ತಿಸಿಕೊಂಡು ಹೊರಟರೆ ಹರದಾರಿ ಕೆಳಗೆ ದಡ ಸಿಗುತ್ತಿತ್ತು. ಅಲ್ಲಿಂದ ಹರಿಗೋಲನ್ನು ತಲೆಯ ಮೇಲೆ ಹೊತ್ತು, ಮೊಣಕಾಲುದ್ದ ಕೆಸರಿನಲ್ಲಿ ಮತ್ತೆ ಮೇಲಿನ ದಡಕ್ಕೆ ಬರುವಷ್ಟರಲ್ಲಿ ದಿನ ಮುಗಿಯುತ್ತಿತ್ತು. ಹೀಗಾಗಿ ದಿನಕ್ಕೆ ಒಂದೇ ಸಲ. “ನನ್ನ ಬಿಟ್ಟು ನಾಕು ಮಂದಿ. ಐದನೇದವರು ಕಾಲಿಟ್ಟರ ಅಂಚು ನೀರಾಗ ಮುಳುಗತೈತಿ,” ಎಂದು ಸೂಗಪ್ಪ ಮೊದಲೇ ಹೇಳಿದ.

ನಾಲ್ಕರಂತೆ ಇಪ್ಪತ್ತು ಜನಕ್ಕೆ ಐದು ದಿನ ಸಾಕಾಗಿತ್ತು. ಆದರೆ ಯಾರ ಮೈ ಯಾರಿಗೆ ತಾಗಬೇಕು ಎಂಬ ಪ್ರಶ್ನೆ ಎದ್ದಿತು. ಕುಲಕರ್ಣಿಯವರು ಬೇರೆಯವರ ಜೊತೆ ತೊಗಲಿನ ಮೇಲೆ ಕೂಡಲಾರರು. ಗೌಡರ ಹೆಂಡತಿ ಜಾಡರ ಹೆಣ್ಣುಮಕ್ಕಳ ಸಮಕ್ಕೆ ಕೂಡಲಾರಳು. ಕೊನೆಗೆ ದಿನಕ್ಕೊಂದು ಮನೆ ಎಂದಾಯಿತು, ಯಾವ ಮನೆ ಎಂಬುದನ್ನು ಅದೃಷ್ಟಕ್ಕೆ ಬಿಡುವುದೆಂದಾಯಿತು. ದ್ಯಾವವ್ವ ತಾನೇ ತಟ್ಟಿ ಸುಟ್ಟ ಕಿರಿಬಾಯಿಯ ಮಡಕೆ ಕೊಟ್ಟಳು. ಸೂಗಪ್ಪ ಮನೆಗೊಂದರಂತೆ ಏಳು ಕಲ್ಲು ಹಾಕಿದ: ಆರು ಕರಿಯವು, ಒಂದು ಬಿಳಿ. ಕರಿಯವು ಹೊಳೆಯಲ್ಲಿ ಉರುಳಿ ನುಣುಪಾದವು. ಬಿಳಿಯದು ಬಂಡೆಯಿಂದ ಒಡೆದ ಬೆಣಚು, ಅದರ ಒಂದು ಅಂಚು ಚೂಪು. ಆ ಚೂಪನ್ನು ಸೂಗಪ್ಪನೂ ಕಂಡಿದ್ದ. ಅದಕ್ಕೇ ಮೊದಲು ತಾಗಿದ ಕಲ್ಲನ್ನೇ ಎತ್ತುವ ನಿಯಮ ಮಾಡಿ, ಒಬ್ಬೊಬ್ಬರಿಂದಲೂ ಹೊಳೆಯ ನೀರು ಮುಟ್ಟಿಸಿ ಗಂಗವ್ವನ ಆಣೆ ಹಾಕಿಸಿದ. ನೀರು ಮುಟ್ಟಿ ಆಣೆ ಮಾಡಿದವರು ನಡುನೀರಿನಲ್ಲಿ ಕೂತು ಅದನ್ನು ಮುರಿದಾರೆಂದು ಅಂಬಿಗನಾದವನಿಗೆ ಹೊಳೆಯುವುದಾದರೂ ಹೇಗೆ?

ಹಿರಿತನದ ಸರದಿಯಲ್ಲಿ ಕೈ ಹಾಕಿದರು. ಮೊದಲು ಗೌಡರು. ಎಲ್ಲರೂ ಮುಷ್ಟಿ ಬಿಚ್ಚಿದಾಗ ಬಿಳಿಕಲ್ಲು ಅವರ ಅಂಗೈಯಲ್ಲಿತ್ತು. ಮರುದಿನ ಕುಲಕರ್ಣಿಯವರ ಅಂಗೈಯಲ್ಲಿ, ಅದರ ಮರುದಿನ ಶೆಟ್ಟರ ಅಂಗೈಯಲ್ಲಿ. ಬಂಡೆಯ ಮೇಲೆ ಉಳಿದವರು ಹೋದವರ ಅದೃಷ್ಟಕ್ಕೆ ಕಾರಣ ಹುಡುಕತೊಡಗಿದರು. ಗೌಡರು ಹೊಳೆಗೆ ಕಾಯಿ ಬಿಟ್ಟಿದ್ದರಂತೆ. ಕುಲಕರ್ಣಿಯವರು ಗಳಿಗೆ ನೋಡಿ ಕೈ ಹಾಕಿದರಂತೆ. ಶೆಟ್ಟರು ಉಂಗುರವನ್ನು ಬಲಗೈಯಿಂದ ಎಡಗೈಗೆ ಹಾಕಿಕೊಂಡಿದ್ದನ್ನು ಜಾಡರವನು ಕಣ್ಣಾರೆ ಕಂಡಿದ್ದನಂತೆ. ಬಡಿಗೇರ ಅಂಗೈಗೆ ಅರಿಶಿನ ಬಳಿದುಕೊಂಡ, ಜಾಡರವನು ಉಪವಾಸ ಹಿಡಿದ. ಹುಲಿಗೆಪ್ಪ ಮಾತ್ರ ನಗುತ್ತಿದ್ದ. “ಯವ್ವಾ, ಅದೃಷ್ಟ ಭಾಳ ಶಾಣೇದೈತಿ ನೋಡು. ಯಾರ ಮನಿ ಮೊದಲು, ಯಾರದು ಆಮ್ಯಾಲೆ, ತಪ್ಪದಂಗ ಓಣಿ ಹಿಡಿದು ಬರಾಕತ್ತೈತಿ,” ಎಂದು ದ್ಯಾವವ್ವನಿಗೆ ಹೇಳುತ್ತಿದ್ದ.

ದ್ಯಾವವ್ವ ನಗಲಿಲ್ಲ. ಅವಳಿಗೆ ಮೊದಲನೆಯ ದಿನವೇ ಗೊತ್ತಾಗಿತ್ತು. ಬೆರಳಿನಿಂದ ತಟ್ಟಿ ಮಡಕೆಯ ಬಿರುಕು ಕೇಳಿಸಿಕೊಳ್ಳುವ ಕಿವಿ ಅವಳದು. ಮೊದಲು ತಾಗಿದ ಕಲ್ಲನ್ನು ಎತ್ತಿದರೆ ಮಡಕೆ ಒಂದೇ ಸಲ ಟಕ್ ಎನ್ನಬೇಕು. ಗೌಡರ ಕೈ ಒಳಗಿದ್ದಾಗ ಅದು ಕಾಳು ಬೀಸುವ ಕಲ್ಲಿನಂತೆ ಗರಗರ ಎಂದಿತ್ತು. ಅವಳು ಬಾಯಿ ಬಿಡಲಿಲ್ಲ. ಇಷ್ಟೇ ಅಲ್ಲ, ತನ್ನ ಸರದಿ ಬಂದಾಗ ಅವಳೂ ತಡಕಿದಳು. ಐದು ದಿನವೂ ತಡಕಿದಳು. ಚೂಪು ಅಂಚು ಅಷ್ಟರಲ್ಲಿ ಬೇರೆಯವರ ಮುಷ್ಟಿ ಸೇರಿರುತ್ತಿತ್ತು, ಅವಳ ಬೆರಳಿಗೆ ಸಿಕ್ಕಿದ್ದೆಲ್ಲ ನುಣುಪು. ಇಂದು ಸುಮ್ಮನಿದ್ದರೆ ನಾಳೆ ತನ್ನ ಮನೆಯ ಸರದಿ ಬರುತ್ತದೆ ಎಂದು ಮಗಳ ಹೊಟ್ಟೆ ನೋಡುತ್ತ ತನಗೆ ತಾನೇ ಹೇಳಿಕೊಂಡಳು. ಬಡಿಗೇರರು ಹೋದರು, ಜಾಡರು ಹೋದರು. ಮೂರು ಜನರ ಮನೆ ಹೊರಟಾಗ ಒಬ್ಬರ ಜಾಗ ಖಾಲಿ ಹೋಯಿತು, ಕುಲಕರ್ಣಿ ದಂಪತಿ ಹೊರಟಾಗ ಇಬ್ಬರ ಜಾಗ. ಆ ಖಾಲಿ ಜಾಗಗಳನ್ನು ಯಾರೂ ಕೇಳಲಿಲ್ಲ, ದ್ಯಾವವ್ವನೂ ಕೇಳಲಿಲ್ಲ.

ಆರನೆಯ ಸಲ ಸೂಗಪ್ಪ ಬಂದಾಗ ಬಂಡೆಯಲ್ಲಿ ಉಳಿದ ಒಣನೆಲ ಎರಡು ಹಾಸಿಗೆಯಷ್ಟು. ಐದು ಜನ ಮಿಕ್ಕಿದ್ದರು: ದ್ಯಾವವ್ವ, ಹಂಪವ್ವ, ಹುಲಿಗೆಪ್ಪ, ಅವನ ಹೆಂಡತಿ ಮರೆಮ್ಮ, ಎದ್ದು ಕೂಡಲಾರದ ಅವನ ತಾಯಿ. ಹಂಪವ್ವನಿಗೆ ಬೆಳಗಿನಿಂದ ಸೊಂಟ ಹಿಡಿದು ಬಿಡುತ್ತಿತ್ತು. ಸೂಗಪ್ಪ ಹರಿಗೋಲಿನ ಒಳಗಿನ ನೀರು ಮೊಗೆದು ಚೆಲ್ಲುತ್ತ, ತಲೆ ಎತ್ತದೆ ಹೇಳಿದ: “ಮ್ಯಾಲಿಂದ ಇನ್ನೂ ನೀರು ಬರಾಕತ್ತೈತಿ, ದ್ಯಾವಕ್ಕ. ತೊಗಲೂ ನೆನೆದು ಸಡ್ಲಾಗೈತಿ. ನಾಳಿ ನಾ ಬರಾಕ ಆಗೂದಿಲ್ಲ. ಇದ ಕಡೀದು.”

ಹೋದ ಮನೆಗೊಂದರಂತೆ ಕರಿಗಲ್ಲು ತೆಗೆಯುತ್ತ ಬಂದು ಈಗ ಮಡಕೆಯಲ್ಲಿ ಎರಡೇ ಕಲ್ಲು. ಮೊದಲ ಸರದಿ ದ್ಯಾವವ್ವನದು. ಹುಟ್ಟಿದಾಗಿನಿಂದ ಅವಳು ಯಾವುದರಲ್ಲೂ ಮೊದಲಿಗಳಾಗಿರಲಿಲ್ಲ. ಹುಲಿಗೆಪ್ಪ ಆಗಲೂ ನಗೆಮಾತು ಬಿಡಲಿಲ್ಲ. “ಹಾಕವ್ವಾ ಕೈ. ಇವತ್ತ ನಿಮ್ಮ ಮನಿ ಮುಂದ ಬಂದು ನಿಂತೈತಿ ಅದೃಷ್ಟ. ನಮ್ಮ ಗುಡಿಸಲಕ್ಕ ಬರೂದ್ರಾಗ ಹೊಳೀನ ಬಂದಿರತೈತಿ.”

ಅವಳು ಕೈ ಇಳಿಸಿದಳು. ಮೊದಲು ತಾಗಿದ್ದು ನುಣುಪು. ಬೆರಳು ತಾನಾಗಿಯೇ ಅದನ್ನು ಬದಿಗೆ ಸರಿಸಿ ಮುಂದೆ ಹೋಯಿತು. ಮಡಕೆ ಗರಗರ ಎಂದಿತು. ಗೌಡರ ಕೈಗೆ ಎಂದ ಹಾಗೆಯೇ, ಶೆಟ್ಟರ ಕೈಗೆ ಎಂದ ಹಾಗೆಯೇ ತನ್ನ ಕೈಗೂ ಎಂದದ್ದನ್ನು ಅವಳು ಕೇಳಿದಳು. ಚೂಪು ಅಂಚು ಹೆಬ್ಬೆರಳನ್ನು ಗೀರಿತು, ಅವಳ ಮುಷ್ಟಿ ಮುಚ್ಚಿಕೊಂಡಿತು. ತಲೆ ಎತ್ತಿದಾಗ ಹುಲಿಗೆಪ್ಪ ಅವಳ ಕಡೆ ನೋಡುತ್ತಿರಲಿಲ್ಲ. ಮುಖ ತಿರುಗಿಸಿ ಹೊಳೆ ನೋಡುತ್ತಿದ್ದ. ಆ ಸದ್ದು ಅವನಿಗೂ ಗೊತ್ತಿತ್ತು. ಐದು ದಿನವೂ ಅದನ್ನು ಕೇಳಿಸಿಕೊಂಡು, ಕೊನೆಯವನಾಗಿ ಕೈ ಹಾಕಿ, ಉಳಿದ ಕರಿಗಲ್ಲನ್ನು ಎತ್ತಿ ನಗೆಯಾಡಿದ್ದ. ಪಕ್ಕದಲ್ಲಿ ಮಗಳು ಹಲ್ಲು ಕಚ್ಚಿ ನರಳಿದಳು. ಈ ಕಲ್ಲು ಎತ್ತಿದರೆ ಮಗಳು ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ, ಇಬ್ಬರ ಜಾಗ ಖಾಲಿ ಹೋಗುತ್ತದೆ.

ಮಡಕೆ ಒಂದೇ ಸಲ ಟಕ್ ಎಂದಿತು. ದ್ಯಾವವ್ವ ಕೈ ಹೊರಗೆ ತೆಗೆದು ಬೆರಳು ಬಿಡಿಸಿದಳು.

“ಕಲ್ಲೆಲ್ಲಿ ಅಕ್ಕಾ?” ಎಂದ ಸೂಗಪ್ಪ.

“ಕಲ್ಲು ಬ್ಯಾಡ. ನಾಕು ಮಂದಿ ಅಂದೀಯಲ್ಲ, ಅವರು ಮೂವರು, ನನ್ನ ಮಗಳು ಒಬ್ಬಾಕಿ. ಹತ್ತಿಸಿಕೋ.”

“ಎಲ್ಲಾರನೂ ಕೂಡಿಸಿ ಒಯ್ದರ ಊರವರು ನನಗ ಏನಂದಾರು?”

“ಊರು ಎಲ್ಲೈತೋ? ಒಂದೊಂದ ಮನಿಯಾಗಿ ಎಲ್ಲಾ ಆ ದಂಡಿಗಿ ಹೋಗಿ ಆತು.”

ಹಂಪವ್ವ ತಾಯಿಯ ಸೆರಗು ಹಿಡಿದು ಅತ್ತಳು. ಹುಲಿಗೆಪ್ಪ ತಾನು ಉಳಿಯುತ್ತೇನೆಂದು ಹರಿಗೋಲಿನಿಂದ ಎರಡು ಸಲ ಇಳಿದ. “ನಿಮ್ಮವ್ವನ್ನ ಕೆಸರಾಗ ಹೊರಾವ್ರು ಯಾರೋ, ನಾನೇನು? ತೊಗಲು ಬಿಚ್ಚಿದರ ಹೊಲಿಯಾವ್ರು ಯಾರು? ಕೂಡು ಸುಮ್ನ,” ಎಂದು ದ್ಯಾವವ್ವ ಗದರಿ ಅವನನ್ನು ಕೂರಿಸಿದಳು. ಮರೆಮ್ಮ ಹಂಪವ್ವನನ್ನು ತನ್ನ ಮಡಿಲಿಗೆ ಒರಗಿಸಿಕೊಂಡಳು. ಹರಿಗೋಲು ಸೆಳವಿಗೆ ಬಿದ್ದು ಒಂದು ಸುತ್ತು ತಿರುಗಿತು. ಆ ಸುತ್ತಿನಲ್ಲಿ ಎಲ್ಲರೂ ಒಮ್ಮೆ ಬಂಡೆಯನ್ನು ಕಂಡರು, ಆಮೇಲೆ ಕಾಣಲಿಲ್ಲ. ನಡುಹೊಳೆಯಲ್ಲಿ ಹೊಲಿಗೆ ಬಿಚ್ಚಿತೆಂದೂ, ದಡ ಸಿಗುವವರೆಗೆ ಹುಲಿಗೆಪ್ಪ ಅದನ್ನು ಅಂಗೈಯಿಂದ ಒತ್ತಿ ಹಿಡಿದಿದ್ದನೆಂದೂ ಅಂಬಿಗರು ಹೇಳುತ್ತಾರೆ. ಹಂಪವ್ವ ಅಂದೇ ಸಂಜೆ ದಡದ ಮೇಲೆ ಮರೆಮ್ಮನ ಕೈಯಲ್ಲಿ ಹೆಣ್ಣುಮಗು ಹೆತ್ತಳು.

ನೀರು ದ್ಯಾವವ್ವನ ಪಾದ ಮುಟ್ಟಿ ಇಳಿಯಿತೆಂದು ಕೆಲವರು ಹೇಳುತ್ತಾರೆ, ಕೇಳುವುದಕ್ಕೆ ಹಿತವಾಗಿದೆ. ಅದಾದ ಒಂಬತ್ತನೆಯ ದಿನ ಸೂಗಪ್ಪ ಬಂದು ನೋಡಿದಾಗ ಬಂಡೆಯ ಮೇಲಿನ ಕುಳಿಯಲ್ಲಿ ಎರಡು ಕಲ್ಲುಗಳಿದ್ದವು, ಒಂದು ಕರಿಯದು, ಒಂದು ಬಿಳಿ. ಮಡಕೆಯಿರಲಿಲ್ಲ, ಮಡಕೆಯವಳೂ ಇರಲಿಲ್ಲ. ಊರನ್ನು ಮತ್ತೆ ಯಾರೂ ಅಲ್ಲಿ ಕಟ್ಟಲಿಲ್ಲ. ಅಂದಿನಿಂದ ಸೂಗಪ್ಪ ಮನೆಯ ಲೆಕ್ಕದಲ್ಲಿ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಆ ದಂಡೆಯ ಅಂಬಿಗರು ಈಗಲೂ ನಾಲ್ಕು ಜನ ತುಂಬದೆ ಹುಟ್ಟು ಹಾಕುವುದಿಲ್ಲ. ಯಾರ ಪಕ್ಕ ಯಾರು ಎಂದು ಕೇಳಿದವರನ್ನು ದಡದಲ್ಲೇ ಬಿಟ್ಟು ಹೋಗುತ್ತಾರೆ. ಅದೃಷ್ಟ ಎಂಬುದು ಉಂಟೋ ಇಲ್ಲವೋ ಎಂದು ಪ್ರವಾಸಿಗಳು ಕೇಳಿದರೆ ಬಂಡೆಯ ಬಡಗಣ ಮೈಗೆ ಕರೆದೊಯ್ಯುತ್ತಾರೆ. ಕೆತ್ತಿಸಿದವಳು ಹಂಪವ್ವನ ಮಗಳು ಎನ್ನುತ್ತಾರೆ. ಅಲ್ಲಿ ದೇವರಿಲ್ಲ, ಹೆಸರಿಲ್ಲ. ಒಂದು ಕಿರಿಬಾಯಿಯ ಮಡಕೆ, ಅದರೊಳಗಿನಿಂದ ಮೇಲಕ್ಕೆ ಬರುತ್ತಿರುವ ಒಂದು ಹೆಂಗಸಿನ ಕೈ. ಹೆಬ್ಬೆರಳಿನ ಮೇಲೆ ಸಣ್ಣ ಗಾಯದ ಗೀರು. ಐದು ಬೆರಳೂ ಬಿಚ್ಚಿಕೊಂಡಿವೆ, ಅಂಗೈಯಲ್ಲಿ ಏನೂ ಇಲ್ಲ.