ಆಚೆ ದಡದ ಬಾಣಂತಿಯರು

ಸೂಲಗಿತ್ತಿ ಸಂಕವ್ವನ ಬಳಿ ಹೆರಿಗೆ ಮಾಡಿಸುವುದನ್ನು ಕಲಿಯುತ್ತಿದ್ದ ನೀಲಿಗೆ ಗುರುವಿನ ಮೇಲೆಯೇ ಅನುಮಾನ ಬಂತು.

ಅದನ್ನು ತಲೆಗೆ ತುಂಬಿದವನು ಅಂಬಿಗ. ಹೊಳೆಯ ಆಚೆಗೆ ಬೇರೆ ಅರಸನ ನಾಡು. ಅಲ್ಲಿ ಹೆರಿಗೆಯಲ್ಲಿ ಒಬ್ಬ ತಾಯಿಯೂ ಸಾಯುವುದಿಲ್ಲವಂತೆ ಎಂದು ಅವನು ದಡದ ತುಂಬ ಹೇಳಿಕೊಂಡು ಬಂದಿದ್ದ.

ಈಚೆ ದಡದಲ್ಲಿ ಆ ಮಳೆಗಾಲ ಇಬ್ಬರು ತಾಯಂದಿರು ತೀರಿಹೋಗಿದ್ದರು. ಅವರಲ್ಲೊಬ್ಬಳು ಹೋದದ್ದು ಕೂಸಿಗೆ ಹೆಸರಿಟ್ಟ ಮೇಲೆ. ಆದರೂ ಸಂಕವ್ವ ಅವಳನ್ನು ತನ್ನ ಲೆಕ್ಕಕ್ಕೇ ಹಾಕಿಕೊಂಡಿದ್ದಳು. ಈಗ ನೀಲಿಯ ಅಕ್ಕನಿಗೆ ದಿನ ತುಂಬುತ್ತಿತ್ತು.

ನೀಲಿ ಗುರು ಕುದಿಸಿದ ಕಷಾಯವನ್ನು ಕದ್ದು ಮೂಸಿ ನೋಡತೊಡಗಿದಳು. ಮುದುಕಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

"ಏನಿದ್ರೂ ಬಾಯಿಬಿಟ್ಟು ಹೇಳು," ಎಂದಳು ಸಂಕವ್ವ.

"ಅಕ್ಕನ್ನ ಆಚೆ ದಡಕ್ಕೆ ಕಳಿಸ್ತೀನವ್ವ. ಅಲ್ಲಿ ಯಾರೂ ಸಾಯಲ್ಲಂತೆ."

ಸಂಕವ್ವ ಸಿಟ್ಟಾಗಲಿಲ್ಲ. ಶಿಷ್ಯೆಯನ್ನು ಕರೆದುಕೊಂಡು ದೋಣಿ ಹತ್ತಿದಳು.

ಇಳಿದ ಕೂಡಲೆ ಅಲ್ಲಿನ ಸೂಲಗಿತ್ತಿಯನ್ನು ಕಾಣೋಣ ಎಂದಳು ನೀಲಿ. ಸಂಕವ್ವ ಕೇಳಿಸಿಕೊಳ್ಳದವಳಂತೆ ಆಡು ಸಾಕುವವನ ಹಟ್ಟಿಯ ಕಡೆ ನಡೆದಳು. ಹೆರಿಗೆಯ ವಿಚಾರಕ್ಕೆ ಬಂದವಳಿಗೆ ಆಡಿನ ಹಟ್ಟಿಯಲ್ಲಿ ಏನು ಕೆಲಸ? ಮುದುಕಿ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ನೀಲಿಗೆ ಖಾತ್ರಿಯಾಯಿತು.

ಹಟ್ಟಿಯ ಮುಂದೆ ಗಂಡಸರು, ಅಜ್ಜಿಯರು ಗಿಂಡಿ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬನ ಹೆಗಲ ಮೇಲೆ ಎಳೆಗೂಸು ಅತ್ತು ಅತ್ತು ಸೋತಿತ್ತು.

ಇಷ್ಟೊಂದು ಹಾಲು ಯಾರಿಗೆ ಎಂದು ಸಂಕವ್ವ ವಿಚಾರಿಸಿದಳು. ತಾಯಿಯಿಲ್ಲದ ಕೂಸುಗಳಿಗೆ ಎಂದ ಆಡಿನವ.

ನೀಲಿಗೆ ತಡೆಯಲಾಗಲಿಲ್ಲ. "ಇಲ್ಲಿ ಹೆರಿಗೇಲಿ ಯಾರೂ ಸಾಯಲ್ಲ ಅಂತಾರಲ್ಲ?"

"ಹೌದು ತಾಯಿ, ಹೆರಿಗೇಲಿ ಸಾಯಲ್ಲ. ಹೊಕ್ಕುಳಬಳ್ಳಿ ಕೊಯ್ದು, ಎಲೆ ಅಡಿಕೆ ಇಸ್ಕೊಂಡು ಸೂಲಗಿತ್ತಿ ಹೊಸ್ತಿಲು ದಾಟಿದ್ರೆ ನಮ್ಮಲ್ಲಿ ಹೆರಿಗೆ ಮುಗೀತು. ಆಮೇಲೆ ಸತ್ರೆ ಅದು ಜ್ವರ."

ಅವನು ಅದನ್ನು ಹವಾಮಾನದ ಮಾತು ಹೇಳುವಷ್ಟು ಸಲೀಸಾಗಿ ಹೇಳಿ ಮತ್ತೆ ಹಾಲು ಕರೆಯಲು ಕೂತ.

ವಾಪಸು ಬರುವಾಗ ನೀಲಿಯ ಎದೆಯ ಭಾರವೆಲ್ಲ ಇಳಿದಿತ್ತು. ಆಚೆ ದಡದವರ ಸುಳ್ಳನ್ನು ದಾರಿಯುದ್ದಕ್ಕೂ ಆಡಿಕೊಂಡಳು. ದೋಣಿ ಇಳಿದವಳೇ ನಾಚಿಕೆಯಿಂದ ಗುರುವಿನ ಕಾಲು ಮುಟ್ಟಲು ಬಾಗಿದಳು.

"ತಪ್ಪಾಯ್ತವ್ವ. ಅಕ್ಕನ್ನ ನಿನ್ನ ಕೈಗೇ ಒಪ್ಪಿಸ್ತೀನಿ. ಇನ್ನು ಕಣ್ಮುಚ್ಚಿ ನಂಬ್ತೀನಿ."

ಸಂಕವ್ವ ಕಾಲು ಹಿಂದಕ್ಕೆಳೆದುಕೊಂಡಳು.

"ನನ್ನ ಕೈಲಿ ಸತ್ತೋರ ಮನೆಯೋರೂ ಹಂಗೇ ನಂಬಿದ್ರು," ಎಂದಳು. "ನಿನ್ನಕ್ಕ ಎದ್ದು ಓಡಾಡೋ ತನಕ ಅವಳ ಮಗ್ಗುಲಲ್ಲೇ ಕೂತು ನನ್ನ ಅನುಮಾನಿಸ್ತಾ ಇರು."